ಹರಟೆಯ ವಿಷಯಕ್ಕೆ ಚೀಟಿ ಎತ್ತಿದರೆ ತಪ್ಪೇನು?

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿನ ಉದ್ಯಾನಗಳಲ್ಲಿ ಸಂಜೆ ಸೇರುವ ಹಿರಿಯರ ಕೆಲವು ಗುಂಪುಗಳು ಅಂದಿನ ಮಾತಿನ ವಿಷಯವನ್ನು ಚೀಟಿ ಎತ್ತಿ ಗೊತ್ತುಮಾಡಿಕೊಳ್ಳುವುದನ್ನು ಲೇವಡಿ ಮಾಡಿ ಓದುಗರೊಬ್ಬರು ಬರೆದ ಪತ್ರ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಮಾತು ತಾನಾಗಿ ಹುಟ್ಟಬೇಕೇ ಹೊರತು ಡಬ್ಬಿಯೊಳಗಿಂದ ಬರಬಾರದು, ಹಾಗೆ ಬಂದದ್ದು ಮಕ್ಕಳಾಟವಾಗುತ್ತದೆ ಎಂಬುದು ಅವರ ವಾದದ ಸಾರ. ಅಂಥದೊಂದು ಗುಂಪಿನಲ್ಲಿ ಕೂರುವವಳೂ, ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಪಾಠ ಹೇಳಿ ನಿವೃತ್ತಳಾದವಳೂ ಆದ ನನಗೆ ಆ ವಾದ ಕೇಳಲು ಹಿತವಾಗಿದ್ದರೂ ಒಪ್ಪುವಂತೆ ಕಾಣಲಿಲ್ಲ. ಆದ್ದರಿಂದ ಈ ಪತ್ರ. ಸ್ವಲ್ಪ ದೀರ್ಘವಾದರೆ ಕ್ಷಮೆಯಿರಲಿ.

ತಾನಾಗಿ ಹುಟ್ಟುವ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ನಮ್ಮೂರಿನ ಯಾವ ಕಲ್ಲುಬೆಂಚಿನ ಪಕ್ಕದಲ್ಲಿ ಹತ್ತು ನಿಮಿಷ ನಿಂತರೂ ತಿಳಿಯುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ವಿದೇಶದಲ್ಲಿರುವ ಮಕ್ಕಳು, ಹೊಸ ಬಡಾವಣೆಗಳಲ್ಲಿ ಸೈಟಿನ ಬೆಲೆ, ಯಾವ ಪಕ್ಷದಲ್ಲಿ ಯಾರು ಯಾರ ಕಾಲೆಳೆಯುತ್ತಿದ್ದಾರೆ ಎಂಬ ಲೆಕ್ಕಾಚಾರ, ಇಷ್ಟರೊಳಗೆ ಸಂಜೆ ಮುಗಿದುಹೋಗುತ್ತದೆ. ಮಂಡ್ಯದ ಕಡೆಯವರು ಇಬ್ಬರು ಸೇರಿಬಿಟ್ಟರೆ, ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿ ಮುಟ್ಟುವ ತನಕ ಬೇರೆ ಮಾತೇ ಇಲ್ಲ. ಅದು ಅವರ ಗದ್ದೆಯ, ಅನ್ನದ ಪ್ರಶ್ನೆಯಾದ್ದರಿಂದ ನಾನು ಅದನ್ನು ದೂರುವುದಿಲ್ಲ. ಉಳಿದವುಗಳ ಬಗ್ಗೆ ಅಷ್ಟು ಔದಾರ್ಯ ನನಗಿಲ್ಲ.

ಇನ್ನೊಂದು ಮಾತೂ ಇದೆ. ತಾನಾಗಿ ಹುಟ್ಟಿತು ಎಂದು ನಾವು ಹೇಳುವ ಮಾತನ್ನು ಯಾರೋ ಒಬ್ಬರು ಹುಟ್ಟಿಸಿರುತ್ತಾರೆ. ಆ ಒಬ್ಬರು ಬಹುಪಾಲು ದೊಡ್ಡ ದನಿಯವರು, ಇಲ್ಲವೇ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಅದೂ ಇಲ್ಲದಿದ್ದರೆ ಬೆಳಗಿನ ಪತ್ರಿಕೆಯನ್ನು ಎಲ್ಲರಿಗಿಂತ ಮೊದಲು ಓದಿಕೊಂಡು ಬಂದವರು. ವಿಷಯವನ್ನು ಆರಿಸುವವರೇ ಆ ವಿಷಯವನ್ನು ಚೆನ್ನಾಗಿ ಬಲ್ಲವರಾಗಿರುತ್ತಾರೆ, ಆದ್ದರಿಂದ ಹೆಚ್ಚು ಹೊತ್ತು ಮಾತಾಡುವವರೂ ಅವರೇ ಆಗಿರುತ್ತಾರೆ. ಬೆಂಚಿನ ತುದಿಯಲ್ಲಿ ಕೂತವರು ತಲೆದೂಗುತ್ತಾರೆ. ಹೆಂಗಸರಂತೂ ಪಕ್ಕಕ್ಕೆ ತಿರುಗಿ ತಮ್ಮತಮ್ಮಲ್ಲೇ ಬೇರೆ ಮಾತು ತೆಗೆಯುತ್ತಾರೆ. ಚೀಟಿ ಎತ್ತುವುದರಿಂದ ಆಗುವ ಮೊದಲ ಉಪಕಾರವೆಂದರೆ, ವಿಷಯ ಯಾರಿಗೂ ಸೇರಿದ್ದಲ್ಲವಾಗುತ್ತದೆ. ಅದು ಬಂದಾಗ ಎಲ್ಲರೂ ಒಂದೇ ಸಮನಾಗಿ ಸಿದ್ಧತೆಯಿಲ್ಲದೆ ಕೂತಿರುತ್ತಾರೆ.

ನಮ್ಮ ಗುಂಪಿನ ಡಬ್ಬಿ ಹಿಂದೆ ಮೈಸೂರು ಪಾಕ್ ತುಂಬಿಕೊಂಡು ಬಂದಿದ್ದ ತಗಡಿನ ಡಬ್ಬಿ. ಒಮ್ಮೆ ಅದರಿಂದ ಬಂದ ಚೀಟಿಯಲ್ಲಿ ‘ಸದ್ದು’ ಎಂದಷ್ಟೇ ಬರೆದಿತ್ತು. ಇದರಲ್ಲಿ ಮಾತಾಡುವುದೇನಿದೆ ಎಂದು ಒಬ್ಬಿಬ್ಬರು ಗೊಣಗಿದರು. ಒಬ್ಬರು ದಸರೆಯ ಕುಶಾಲತೋಪಿನ ಸದ್ದಿನ ಬಗ್ಗೆ ಹೇಳಿದರು, ಇನ್ನೊಬ್ಬರು ಪಕ್ಕದ ಛತ್ರದ ಧ್ವನಿವರ್ಧಕವನ್ನು ಬೈದರು. ಆಮೇಲೆ, ನಾವೆಲ್ಲ ಅಕ್ಕ ಎಂದು ಕರೆಯುವ, ಅಲ್ಲಿಯವರೆಗೆ ಒಂದು ಮಾತಿಗಿಂತ ಹೆಚ್ಚು ಆಡದಿದ್ದ ಒಬ್ಬರು, ತಾವು ವಯಸ್ಸಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗಿನ ಕತೆ ಹೇಳಿದರು. ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ಪಕ್ಕದವಳು ಕಿವಿಯಲ್ಲಿ ಕೂಗಿದರೂ ಕೇಳಿಸುತ್ತಿರಲಿಲ್ಲವಂತೆ. ಆದ್ದರಿಂದ ಹೆಂಗಸರೆಲ್ಲ ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದರಂತೆ. ಎಳೆ ಕಡಿದರೆ ಒಂದು ಬೆರಳಿನ ಸನ್ನೆ, ಊಟಕ್ಕೆ ಎದ್ದರೆ ಒಂದು, ಮೇಲ್ವಿಚಾರಕರು ಬರುತ್ತಿದ್ದರೆ ಇಲ್ಲದ ಮೀಸೆಯನ್ನು ತಿರುವುವುದು. ಮನೆಗೆ ಬಂದ ಮೇಲೂ ದನಿ ಇಳಿಯದೆ, ಅಮ್ಮ ಸದಾ ಬೈಯುತ್ತಾಳೆಂದು ಮಕ್ಕಳು ತಿಳಿದುಕೊಂಡಿದ್ದರಂತೆ. ಇಷ್ಟು ದಿನ ಇದನ್ನು ಹೇಳಲೇ ಇಲ್ಲವಲ್ಲ ಅಕ್ಕ ಎಂದು ನಾನು ಕೇಳಿದ್ದಕ್ಕೆ ಅವರು, ‘ಇಲ್ಲಿ ಸದ್ದಿನ ಮಾತು ಯಾವತ್ತು ಬಂದಿತ್ತು ಮೇಡಂ?’ ಎಂದರು. ಸೈಟಿನ ಬೆಲೆಯ ಚರ್ಚೆ ಇನ್ನೂ ಎಷ್ಟು ವರ್ಷ ನಡೆದಿದ್ದರೂ ಆ ಮಾತು ಬರುತ್ತಿರಲಿಲ್ಲ.

ಪತ್ರ ಬರೆದವರು ಇದನ್ನು ಮಕ್ಕಳಾಟ ಎಂದಿದ್ದಾರೆ. ಆದರೆ ಹೇಳುವವರು ಹಲವರಿದ್ದು ಹೊತ್ತು ಕಡಿಮೆಯಿರುವ ಕಡೆ ಚೀಟಿ ಎತ್ತುವುದು ಗಂಭೀರ ಸಭೆಗಳಿಗೂ ಹೊಸದಲ್ಲ. ಲೋಕಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ಸಚಿವರು ಎದ್ದು ನಿಂತು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ, ಯಾರ ಪ್ರಶ್ನೆಗೆ ಮೊದಲ ಸರದಿ ಎಂಬುದು ನಿರ್ಧಾರವಾಗುವುದು ಚೀಟಿ ಎತ್ತುವಂಥದೇ ಆದ ಬ್ಯಾಲಟ್ ಕ್ರಮದಿಂದ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ ಹತ್ತನೆಯ ಶತಮಾನದ ಚೋಳರ ಶಾಸನದಲ್ಲಿ, ಊರಿನ 30 ಕೇರಿಗಳಿಂದ ಅರ್ಹರ ಹೆಸರುಗಳನ್ನು ಓಲೆಗರಿಯಲ್ಲಿ ಬರೆದು ಕೊಡದಲ್ಲಿ ಹಾಕಿ, ಸಭೆಯ ಎದುರಿನಲ್ಲಿ ಏನೂ ಅರಿಯದ ಹುಡುಗನಿಂದ ಎತ್ತಿಸಬೇಕೆಂಬ ವಿಧಿಯಿದೆ. ಎತ್ತುವವನಿಗೆ ಒಳಗಿನದು ತಿಳಿದಿರಬಾರದು, ಎತ್ತುವುದು ಎಲ್ಲರಿಗೂ ಕಾಣುವಂತಿರಬೇಕು ಎಂಬ ಆ ಎರಡು ಎಚ್ಚರಗಳು ಇಂದಿಗೂ ಸಾಕು. ನಮ್ಮಲ್ಲಿಯೂ ಯಾರದಾದರೂ ಮೊಮ್ಮಗು ಜಾರುಬಂಡೆಯ ಹತ್ತಿರ ಆಡುತ್ತಿದ್ದರೆ ಅದನ್ನೇ ಕರೆದು ಚೀಟಿ ತೆಗೆಸುತ್ತೇವೆ. ಇನ್ನು, ಸಭೆಯಲ್ಲಿ ಕೇಳಿದ್ದಕ್ಕೆಲ್ಲ ಸ್ಥಳದಲ್ಲೇ ಪದ್ಯ ಕಟ್ಟಿ ಹೇಳುವ ನಮ್ಮ ಅವಧಾನ ಕಲೆಯನ್ನು ನೋಡಿ. ಅಲ್ಲಿ ಪದ್ಯದೊಳಗೆ ಸೇರಿಸಲೇಬೇಕಾದ ದತ್ತಪದಿಯ ಪದಗಳನ್ನಾಗಲಿ, ಪದ್ಯವಾಗಿ ಪೂರ್ತಿಮಾಡಬೇಕಾದ ಸಮಸ್ಯೆಯ ಸಾಲನ್ನಾಗಲಿ ಅವಧಾನಿ ತಾನು ಆರಿಸಿಕೊಳ್ಳುವಂತಿಲ್ಲ, ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಮೇಲಾಗಿ ಅಪ್ರಸ್ತುತ ಪ್ರಸಂಗಿ ಎಂಬವರು ಪದ್ಯದ ನಡುವೆ ಬೆಂಡೇಕಾಯಿಯಿಂದ ಬ್ರಹ್ಮಾಂಡದವರೆಗೆ ಏನನ್ನು ಬೇಕಾದರೂ ಕೇಳಬಹುದು. ಸಭೆ ನಗುವುದೂ, ಅವಧಾನಿಯ ಬುದ್ಧಿ ಹೊಳೆಯುವುದೂ ಹೆಚ್ಚಾಗಿ ಆ ಭಾಗದಲ್ಲಿಯೇ.

ಹಾಗೆಂದು ಚೀಟಿ ಎತ್ತಿದೊಡನೆ ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಎತ್ತುವ ಕ್ರಮ ಸರಿಯಿಲ್ಲದಿದ್ದರೆ ಫಲವೂ ಸರಿಯಿರುವುದಿಲ್ಲ, ಮತ್ತು ಇಲ್ಲಿ ನನ್ನ ಹಳೆಯ ವೃತ್ತಿಯ ಚಟ ಸ್ವಲ್ಪ ಇಣುಕುವುದನ್ನು ಓದುಗರು ಸಹಿಸಬೇಕು. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಕಾಲದ ಸೇನಾ ಭರ್ತಿಗಾಗಿ ಹುಟ್ಟಿದ ದಿನಾಂಕಗಳ ಚೀಟಿ ಎತ್ತಿದರು; ಮೊದಲು ಬಂದ ದಿನಾಂಕದವರಿಗೆ ಮೊದಲು ಕರೆ. 366 ದಿನಾಂಕಗಳನ್ನು ಪುಟ್ಟ ಕರಂಡಿಕೆಗಳಲ್ಲಿ ಹಾಕಿ, ತಿಂಗಳ ಅನುಕ್ರಮದಲ್ಲಿ ಒಂದೇ ಪೆಟ್ಟಿಗೆಗೆ ಸುರಿದಿದ್ದರು, ಬೆರೆಸಿದ್ದು ಸಾಲದಾಯಿತು. ಕೊನೆಗೆ ಸುರಿದ ತಿಂಗಳುಗಳ ದಿನಾಂಕಗಳು ಬೇಗ ಬೇಗ ಕೈಗೆ ಬಂದವು. ಆ ಸಲ 195ನೆಯ ಸಂಖ್ಯೆಯವರೆಗೆ ಸೇನೆಗೆ ಕರೆ ಹೋಯಿತು. ಡಿಸೆಂಬರಿನ 31 ದಿನಾಂಕಗಳಲ್ಲಿ 26 ಅದರೊಳಗೆ ಸಿಕ್ಕಿಕೊಂಡವು. ಸರಿಯಾಗಿ ಬೆರೆತಿದ್ದರೆ ಹದಿನಾರೋ ಹದಿನೇಳೋ ಸಿಗಬೇಕಿತ್ತು. ಅಲ್ಲಿ ಜೀವದ ಪ್ರಶ್ನೆಯಿತ್ತು, ಇಲ್ಲಿರುವುದು ಹರಟೆ. ಆದರೂ ನಿನ್ನೆ ಬರೆದು ಹಾಕಿದ ಚೀಟಿಯೇ ಇಂದು ಬರುತ್ತದೆ ಎಂದು ನಮ್ಮವರು ದೂರುತ್ತಿದ್ದುದಕ್ಕೆ ಕಾರಣ ಅದೇ. ಡಬ್ಬಿಯನ್ನು ಎರಡು ಸಲ ಅಲ್ಲಾಡಿಸಿದರೆ ಸಾಲದು, ಚುರುಮುರಿ ಕಲಸುವಂತೆ ತಳದಿಂದ ಮೇಲೆತ್ತಿ ಕೈಯಾಡಿಸಬೇಕು. ಚೀಟಿಗಳೆಲ್ಲ ಒಂದೇ ಅಳತೆಯವಾಗಿ, ಒಂದೇ ರೀತಿ ಮಡಿಸಿದವಾಗಿರಬೇಕು. ಮದುವೆಯ ಆಹ್ವಾನ ಪತ್ರಿಕೆಯ ದಪ್ಪ ಕಾಗದದಲ್ಲಿ ಬರೆದ ಚೀಟಿ ಬೆರಳಿಗೆ ತಾನೇ ಬಂದು ಸಿಗುತ್ತದೆ.

ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಬೇಕೇ ಬೇಡವೇ ಎಂಬುದೂ ಸಣ್ಣ ಪ್ರಶ್ನೆಯಲ್ಲ. 40 ಚೀಟಿಗಳಿದ್ದು, ಪ್ರತಿ ಸಲವೂ ಎತ್ತಿದ್ದನ್ನು ವಾಪಸು ಹಾಕುತ್ತಾ ಹೋದರೆ, ಎಂಟನೆಯ ಸಲ ಎತ್ತುವಷ್ಟರಲ್ಲಿ ಯಾವುದಾದರೊಂದು ವಿಷಯ ಮರುಕಳಿಸುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು, ಲೆಕ್ಕ ಹಾಕಿದರೆ ಶೇಕಡ 53ರ ಸುಮಾರು. 40ರಲ್ಲಿ ಎಂಟೇ ಅಲ್ಲವೇ ಎಂದು ನಂಬದವರು ಗುಣಿಸಿ ನೋಡಬಹುದು. 23 ಜನರಿರುವ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧವನ್ನು ದಾಟುತ್ತದೆಂಬ ಪ್ರಸಿದ್ಧ ಲೆಕ್ಕದ ಒಡಹುಟ್ಟಿದ ಲೆಕ್ಕವಿದು. ಆದ್ದರಿಂದ ಎತ್ತಿದ್ದನ್ನು ಬೇರೆ ಲಕೋಟೆಯಲ್ಲಿಟ್ಟು, ಡಬ್ಬಿ ಬರಿದಾದ ಮೇಲೆ ಮತ್ತೆ ತುಂಬುವುದು ಒಳ್ಳೆಯದು.

ದಾಳ, ಕವಡೆಗಳಿಂದ ವಿಷಯ ಆರಿಸುವವರಿಗೂ ಒಂದು ಮಾತು. ಚೌಕಾಬಾರದ ನಾಲ್ಕು ಕವಡೆಗಳು ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತವೆಂದು ಇಟ್ಟುಕೊಂಡರೂ, 16ರಲ್ಲಿ 6 ಸಲ ಎರಡು ಬೀಳುತ್ತದೆ, ನಾಲ್ಕೂ ಕವಡೆ ಒಂದೇ ಮಗ್ಗುಲಾದಾಗ ಬರುವ ನಾಲ್ಕು ಮತ್ತು ಎಂಟು ಬೀಳುವುದು ತಲಾ ಒಂದೇ ಸಲ. ಐದು ವಿಷಯಗಳಿಗೆ ಒಂದು, ಎರಡು, ಮೂರು, ನಾಲ್ಕು, ಎಂಟು ಎಂದು ಅಂಕಿ ಕೊಟ್ಟರೆ ಎರಡನೆಯ ವಿಷಯವನ್ನೇ ಮತ್ತೆ ಮತ್ತೆ ಮಾತಾಡಿ ಸಾಕಾಗುತ್ತದೆ. ಎರಡು ದಾಳಗಳ ಮೊತ್ತವೂ ಹಾಗೆಯೇ: ಏಳು ಬೀಳುವುದು ಎರಡು ಬೀಳುವುದಕ್ಕಿಂತ ಆರು ಪಟ್ಟು ಹೆಚ್ಚು. ಆರು ವಿಷಯಕ್ಕೆ ಒಂದೇ ದಾಳ, ಅಷ್ಟೇ ಸರಿ. ‘ಮನಸ್ಸಿಗೆ ಬಂದ ಒಂದು ಸಂಖ್ಯೆ ಹೇಳಿ’ ಎನ್ನುವುದಂತೂ ಬೇಡವೇ ಬೇಡ. ಒಂದರಿಂದ ಹತ್ತರೊಳಗೆ ಕೇಳಿದರೆ ಏಳು ಎನ್ನುವವರೇ ಹೆಚ್ಚು ಎಂಬುದನ್ನು ತರಗತಿಯಲ್ಲಿ ಮಕ್ಕಳ ಮೇಲೆ ಪ್ರಯೋಗಿಸಿದ ಎಲ್ಲ ಶಿಕ್ಷಕರೂ ಬಲ್ಲರು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ವಾರ ಸಾಲಾಗಿ ಮೂರು ದಿನ ಊಟತಿಂಡಿಯ ಚೀಟಿಯೇ ಬಂದು, ಯಾರೋ ಬೇಕೆಂದೇ ಮಾಡಿದ್ದಾರೆ ಎಂಬ ಗುಸುಗುಸು ಏಳುವುದುಂಟು. ಕಣ್ಣು ಮುಚ್ಚಿ ಎತ್ತಿದ್ದರಲ್ಲಿ ಇಂಥ ಗೊಂಚಲುಗಳು ಬಂದೇ ಬರುತ್ತವೆ. ದಿನಕ್ಕೊಂದು ಬಗೆಯದು ಅಚ್ಚುಕಟ್ಟಾಗಿ ಸರದಿಯ ಮೇಲೆ ಬರುತ್ತಿದ್ದರೆ ಆಗ ಮಾತ್ರ ಅನುಮಾನಪಡಬೇಕು.

ಇದಕ್ಕಿಂತಲೂ ಮುಖ್ಯವಾದದ್ದು ಚೀಟಿಯಲ್ಲಿ ಏನು ಬರೆದಿದೆ ಎಂಬುದು. ‘ಸಂಸ್ಕೃತಿ’, ‘ದೇಶಭಕ್ತಿ’, ‘ಇಂದಿನ ಯುವಜನತೆ’ ಎಂಬಂಥ ಚೀಟಿಗಳು ನಮ್ಮ ಡಬ್ಬಿಯಲ್ಲೂ ಮೊದಲು ಇದ್ದವು. ಅವು ಬಂದ ದಿನ ಹರಟೆ ನಡೆಯಲಿಲ್ಲ, ಭಾಷಣ ನಡೆಯಿತು. ಒಬ್ಬರು ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡರು ಕೂಡ. ‘ಬೀಗ’, ‘ಮೊದಲ ಸಂಬಳ’, ‘ಹರಿದ ಬಸ್ ಟಿಕೆಟ್ಟು’, ‘ಇಷ್ಟವಿಲ್ಲದೆ ಕಲಿತ ಅಡುಗೆ’, ‘ಮನೆಯ ಹಿಂದಿನ ಬಾವಿ’ ಎಂಬಂಥವು ಬಂದಾಗ ಮಾತ್ರ ಮಾತು ಒಬ್ಬರಿಂದೊಬ್ಬರಿಗೆ ಹಾಯ್ದು ಹೋಗುತ್ತದೆ. ಏಕೆಂದರೆ ಅಂಥ ವಿಷಯದಲ್ಲಿ ಪಂಡಿತರು ಯಾರೂ ಇಲ್ಲ, ಎಲ್ಲರ ಮನೆಗೂ ಬೀಗವಿತ್ತು. ಬೀಗದ ಮಾತು ತೆಗೆದ ದಿನ, ಮೊದಲು ಬೀಗವೇ ಹಾಕದ ಹಳ್ಳಿಯ ಮನೆಗಳು, ಆಮೇಲೆ ಅತ್ತೆಯ ಸೊಂಟದಲ್ಲಿದ್ದ ಬೀಗದಕೈ ಗೊಂಚಲು, ಅದು ಕೈಬದಲಾದ ದಿನ ಮನೆಯಲ್ಲಾದ ಮೌನ, ಹೀಗೆ ಎಲ್ಲಿಂದೆಲ್ಲಿಗೋ ಹೋಯಿತು. ಅಂದು ಮಾತಿಗೆ ಬಂದ ಆಸ್ತಿ ಹಂಚಿಕೆಯ ನ್ಯಾಯ ಅನ್ಯಾಯಗಳು, ‘ಕೌಟುಂಬಿಕ ಮೌಲ್ಯಗಳು’ ಎಂದು ಚೀಟಿ ಬರೆದಿದ್ದರೆ ಬರುತ್ತಿದ್ದವೆಂದು ನನಗೆ ನಂಬಿಕೆಯಿಲ್ಲ.

ಚೀಟಿಯೇ ಎಲ್ಲ ಕಡೆಯೂ ಬೇಕೆನ್ನುವಷ್ಟು ಹಟ ನನಗಿಲ್ಲ. ಯಾರಿಗಾದರೂ ಹೇಳಿಕೊಳ್ಳಲೇಬೇಕಾದ ಸುದ್ದಿಯಿದ್ದ ದಿನ, ಗುಂಪಿನಲ್ಲಿ ಸಾವುನೋವಾದ ದಿನ ನಮ್ಮ ಡಬ್ಬಿ ಚೀಲದಿಂದ ಹೊರಗೆ ಬರುವುದಿಲ್ಲ. ಹಾಗೆಯೇ, ಚೀಟಿ ಬರೆದವರಿಗೆ ತಿಳಿಯದೆ ಅದು ಇನ್ನೊಬ್ಬರಿಗೆ ಮುಳ್ಳಾಗಬಹುದು. ಮಕ್ಕಳಿಲ್ಲದವರ ಎದುರು ‘ಮೊಮ್ಮಕ್ಕಳು’ ಎಂಬ ಚೀಟಿ ಬರುವುದು ಬೇಡ. ಅದಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ಎರಡು ಹಂತದ್ದು. ಚೀಟಿ ಡಬ್ಬಿಗೆ ಬೀಳುವ ಮೊದಲು ಇಬ್ಬರು ಓದಿ, ಬೇಡವಾದದ್ದನ್ನು ತೆಗೆಯುತ್ತಾರೆ. ಎತ್ತಿದ ಮೇಲೆ, ಯಾರಾದರೊಬ್ಬರು ಕಾರಣ ಹೇಳದೆ ಒಂದು ಸಲ ಬೇಡ ಎನ್ನಬಹುದು, ಎರಡನೆಯದು ಬಂದರೆ ಅದೇ ಕಡೆ. ಆರಿಸುವ ಕೆಲಸವೆಲ್ಲ ಮೊದಲೇ ಮುಗಿಯಬೇಕು. ಎತ್ತಿದ ಮೇಲೆ ಮತ್ತೆ ಮತ್ತೆ ಎತ್ತುತ್ತಾ ಮನಸ್ಸಿಗೆ ಬಂದದ್ದಕ್ಕೆ ಕಾಯುವುದಾದರೆ ಡಬ್ಬಿ ಏಕೆ, ದೊಡ್ಡ ದನಿಯವರೇ ಸಾಕು.

ಪರಿಚಯವೇ ಇಲ್ಲದ ಇಬ್ಬರ ನಡುವೆ ಇದು ಅಷ್ಟು ಸಲೀಸಲ್ಲ ಎಂಬುದನ್ನೂ ಒಪ್ಪಬೇಕು. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರನ್ನು ಜೋಡಿಯಾಗಿ ಕೂರಿಸಿ, ಸುಮಾರು 45 ನಿಮಿಷಗಳಲ್ಲಿ 36 ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುವಂತೆ ಮಾಡಿದರು. ಬರಿಯ ಲೋಕಾಭಿರಾಮದ ಪ್ರಶ್ನೆಗಳನ್ನು ಕೇಳಿಕೊಂಡ ಜೋಡಿಗಳಿಗಿಂತ ಇವರಲ್ಲಿ ಆಪ್ತಭಾವ ಹೆಚ್ಚು ಮೂಡಿತ್ತು. ಆದರೆ ಆ ಪ್ರಶ್ನೆಗಳು ಕಲಸಿದ ಚೀಟಿಗಳಾಗಿರಲಿಲ್ಲ; ಮೂರು ಕಂತುಗಳಲ್ಲಿ, ಹಗುರವಾದವು ಮೊದಲು, ಮನಸ್ಸಿನ ಒಳಗಿನವು ಕೊನೆಗೆ ಎಂದು ಜೋಡಿಸಿದ್ದವು. ಗುರುತಿಲ್ಲದವರ ಎದುರು ಮೊದಲ ಚೀಟಿಯೇ ‘ನಿಮಗೆ ಅಳು ಬಂದದ್ದು ಯಾವಾಗ’ ಎಂದಾದರೆ ಎದ್ದುಹೋಗುವುದೇ ಸಹಜ. ಹೊಸಬರು ಬರುವ ಕಡೆ ಎರಡು ಡಬ್ಬಿಗಳಿರಲಿ, ಮೊದಲ ಕೆಲವು ಸಂಜೆ ಹಗುರವಾದ ಡಬ್ಬಿಯಿಂದ ಮಾತ್ರ ಎತ್ತಲಿ.

ಮೊಬೈಲಿನಲ್ಲಿ ಗುಂಡಿ ಒತ್ತಿದರೆ ವಿಷಯ ಕೊಡುವ ಸೌಕರ್ಯವಿರುವಾಗ ಈ ಕಾಗದದ ಕೆಲಸವೇಕೆ ಎಂದು ನಮ್ಮ ಮನೆಯ ಮಕ್ಕಳೂ ಕೇಳುತ್ತಾರೆ. ಬೆರೆಸುವ ಕೆಲಸದಲ್ಲಿ ಯಂತ್ರ ನಮಗಿಂತ ಮೇಲು, ಅದರಲ್ಲಿ ಎರಡು ಮಾತಿಲ್ಲ. ತೊಡಕಿರುವುದು ಪಟ್ಟಿಯಲ್ಲಿ. ಹಿಮದಲ್ಲಿ ರಜೆ ಕಳೆಯುವ ಬಗೆ, ಇಷ್ಟದ ಸೂಪರ್ ಹೀರೋ, ಕಾಲೇಜಿನ ರೂಮ್‌ಮೇಟು ಎಂಬ ವಿಷಯಗಳನ್ನು ಕುವೆಂಪುನಗರದ ಬೆಂಚಿನ ಮೇಲೆ ಕೂತ ಎಪ್ಪತ್ತರ ವಯಸ್ಸಿನವರು ಏನು ಮಾಡಬೇಕು? ಪಟ್ಟಿಯನ್ನು ನಾವೇ ಬರೆದು ಯಂತ್ರಕ್ಕೆ ಕೊಡುವುದಾದರೆ ನನ್ನ ತಕರಾರಿಲ್ಲ.

ಪಟ್ಟಿಯ ಇದೇ ತೊಡಕನ್ನು ನಾನು ಶಾಲೆಗಳಲ್ಲೂ ಕಂಡಿದ್ದೇನೆ. ಪ್ರತಿಭಾ ಕಾರಂಜಿಯ ಆಶುಭಾಷಣ ಸ್ಪರ್ಧೆಯಲ್ಲಿ ಮಕ್ಕಳು ಚೀಟಿ ಎತ್ತಿಯೇ ಮಾತಾಡುತ್ತಾರೆ. ಆದರೆ ಡಬ್ಬಿಯಲ್ಲಿರುವುದು ಬಹುಪಾಲು ಪರಿಸರ ಮಾಲಿನ್ಯ, ಮೊಬೈಲಿನ ಒಳಿತು ಕೆಡುಕು, ಸಮಯದ ಮಹತ್ವ ಎಂಬ ಮಾಮೂಲಿ ವಿಷಯಗಳೇ. ಚುರುಕಾದ ಮಕ್ಕಳು ಅಷ್ಟನ್ನೂ ಮೊದಲೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಆಶು ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಅದೇ ಮಗುವಿಗೆ ‘ನಿಮ್ಮ ಊರಿನ ನಾಲೆಯ ಏರಿ’ ಎಂದೋ, ‘ಆಲೆಮನೆ’ ಎಂದೋ ಕೊಟ್ಟರೆ, ಬಾಯಿಪಾಠದ ಮಕ್ಕಳು ತಡವರಿಸಿ, ಹಿಂದಿನ ಬೆಂಚಿನವನೊಬ್ಬ ಬೆಲ್ಲದ ಪಾಕ ಹದಕ್ಕೆ ಬಂದದ್ದನ್ನು ಗೊತ್ತುಮಾಡುವ ಬಗೆಯನ್ನು ಗಂಟೆ ಹೊಡೆಯುವ ತನಕ ಹೇಳಿಯಾನು. ಮದ್ದೂರಿನ ಕಡೆಯ ಒಂದು ಶಾಲೆಯಲ್ಲಿ ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ತೀರ್ಪುಗಾರರು ಅಂಕ ಕೊಡುವುದನ್ನು ಮರೆತು, ಸುಣ್ಣ ಎಷ್ಟು ಹಾಕುತ್ತೀರಿ ಎಂದು ಅವನನ್ನೇ ಕೇಳುತ್ತಿದ್ದರು. ಚೀಟಿ ಬರೆಯುವ ಶಿಕ್ಷಕರು ಈ ಬಾರಿಯಾದರೂ ತಮ್ಮ ತಾಲ್ಲೂಕಿನ ಮಣ್ಣು, ನೀರು, ಕಸುಬುಗಳ ಕಡೆ ಕಣ್ಣು ಹಾಯಿಸಲಿ ಎಂದು ಕೋರುತ್ತೇನೆ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಭಾನುವಾರದ ಪುರವಣಿಯ ಮೂಲೆಯಲ್ಲಿ, ಓದುಗರು ಕಾರ್ಡಿನಲ್ಲಿ ಬರೆದು ಕಳಿಸಿದ ಮಾತಿನ ವಿಷಯಗಳಲ್ಲಿ ಆರನ್ನು ವಾರವಾರವೂ ಅಂಕಿ ಹಾಕಿ ಅಚ್ಚು ಮಾಡಿದರೆ, ಮನೆಯಲ್ಲಿ ಒಂದು ದಾಳವಿರುವ ಯಾರಾದರೂ ರಾತ್ರಿ ಊಟದ ಹೊತ್ತಿಗೆ ಅದನ್ನು ಬಳಸಿಕೊಳ್ಳಬಹುದು. ವಿಷಯವು ಐದು ಪದಗಳಿಗಿಂತ ಹೆಚ್ಚಿರಬಾರದು, ಕಳಿಸಿದವರು ಅದರ ಬಗ್ಗೆ ಏನನ್ನಾದರೂ ತಾವೇ ಕಂಡಿರಬೇಕು ಎಂಬ ಎರಡು ನಿಬಂಧನೆಗಳು ಸಾಕೆಂದು ನನ್ನ ಅನಿಸಿಕೆ. ಆದರೆ ಬಂದ ಕಾರ್ಡುಗಳಲ್ಲಿ ಯಾವ ಆರನ್ನು ಅಚ್ಚು ಹಾಕಬೇಕೆಂಬುದನ್ನು ದಯವಿಟ್ಟು ಉಪಸಂಪಾದಕರ ರುಚಿಗೆ ಬಿಡದೆ, ಚೆನ್ನಾಗಿ ಬೆರೆಸಿ, ಕಚೇರಿಯಲ್ಲಿ ಚಹಾ ತಂದುಕೊಡುವ ಹುಡುಗನ ಕೈಯಿಂದ ಎತ್ತಿಸಬೇಕು.

ಇತಿ,
ನಿವೃತ್ತ ಗಣಿತ ಶಿಕ್ಷಕಿ,
ಕುವೆಂಪುನಗರ, ಮೈಸೂರು